ಬೀಸುಕಲ್ಲಿನ ರಡಾರ್

ಹುಕ್ಕೇರಿಯಿಂದ ಸಮುದ್ರ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ನಗು ಬರುತ್ತದೆ. ಉಳಿದವರು ಬಸ್ಸು ಹತ್ತಬೇಕು, ಘಟ್ಟ ಇಳಿಯಬೇಕು. ನಾನು ಅಡುಗೆಮನೆಯಿಂದ ನಡುಮನೆ ದಾಟಿ ಪಡಸಾಲೆಗೆ ಬಂದರೆ ಸಾಕಿತ್ತು. ಪಡಸಾಲೆಯ ಗಚ್ಚಿನ ನೆಲವೇ ಸಮುದ್ರ. ಅದರ ಮೇಲೆ ಸೀಮೆಸುಣ್ಣದಿಂದ ಒಂದರೊಳಗೊಂದು ಬಳೆ ಬರೆದವರು ನಮ್ಮ ಮನೆಯವರು. ವಾರಕ್ಕೊಮ್ಮೆ ಅದನ್ನು ತಿಕ್ಕಿ ತೊಳೆದವಳು ನಾನು. ತೊಳೆಯುವಾಗ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ.

ನಮ್ಮವರು ಮೀಸೆ ಮೂಡುವ ವಯಸ್ಸಿನಲ್ಲೇ ನೌಕಾಸೇನೆ ಸೇರಿದವರು. ದೊಡ್ಡ ಯುದ್ಧ ಕಂಡವರು, ದೇಶ ಸ್ವತಂತ್ರವಾದ ಮೇಲೂ ಕೆಲವು ವರ್ಷ ಹಡಗಿನಲ್ಲೇ ಇದ್ದು, ಅವಧಿ ಮುಗಿಸಿ ಊರಿಗೆ ಬಂದರು. ಹುಕ್ಕೇರಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಸಾಮಾನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಊರಿನವರು ಮರ್ಯಾದೆಗೆ ‘ಮಾಸ್ತರ’ ಎನ್ನುತ್ತಿದ್ದರು. ಹಡಗಿನಲ್ಲಿ ಅವರ ಕೆಲಸ ರಡಾರ್ ಕೋಣೆಯಲ್ಲಿ. ಪರದೆಯ ಮೇಲೆ ಬೆಳಕಿನ ಚುಕ್ಕಿ ಕಂಡ ಕೂಡಲೇ ಯಾವ ದಿಕ್ಕು, ಎಷ್ಟು ದೂರ ಎಂದು ಕೂಗಿ ಹೇಳುವುದು. ಆ ಮಾತು ಕೇಳಿ ಮೇಲಿನವರು ನಮ್ಮ ವಿಮಾನಗಳನ್ನು ಶತ್ರುವಿನ ಎದುರಿಗೆ ಕಳಿಸುತ್ತಿದ್ದರು.

ಮದುವೆಯಾದ ಹೊಸದರಲ್ಲಿ ಅವರು ರಜೆಗೆ ಬಂದಾಗ, ರಡಾರ್ ಎಂದರೇನು ಎಂದು ನಾನು ಕೇಳಿದ್ದೆ. ಬಾಯಲ್ಲಿ ಹೇಳಲಿಲ್ಲ. ಗೋಕಾಕ ಫಾಲ್ಸಿಗೆ ಕರೆದುಕೊಂಡು ಹೋದರು. ಬೇಸಿಗೆ, ನೀರು ಜಡೆಯಷ್ಟೇ ಬೀಳುತ್ತಿತ್ತು. ಬಂಡೆಗೆ ಎದುರಾಗಿ ನಿಲ್ಲಿಸಿ, ‘ಕೂಗು’ ಎಂದರು. ಹೊಸ ಮದುಮಗಳು ನಾನು, ಏನೆಂದು ಕೂಗಲಿ? ಕೊನೆಗೆ ‘ಓ’ ಎಂದೆ. ‘ಓ’ ತಿರುಗಿ ಬಂತು. ‘ಹೋಗಿ ಬರಾಕ ಎಷ್ಟ ಹೊತ್ತ ಹಿಡೀತು, ಅದರ ಮ್ಯಾಲ ಆ ಬಂಡೆ ಎಷ್ಟ ದೂರ ಐತಿ ಹೇಳಬಹುದು. ಅಷ್ಟ. ಉಳಿದಿದ್ದೆಲ್ಲಾ ಮನಷ್ಯಾರ ಕೆಲಸ’ ಎಂದರು. ಇಷ್ಟು ದೊಡ್ಡ ವಿದ್ಯೆಯನ್ನು ಇಷ್ಟು ಸಣ್ಣದಾಗಿ ಹೇಳಬಲ್ಲ ಗಂಡಸು ಸಿಕ್ಕನಲ್ಲ ಎಂದು ನನಗೆ ಅವತ್ತು ಬಹಳ ಹೆಮ್ಮೆಯಾಯಿತು. ಹೇಳಲಿಲ್ಲ, ಹೇಳಿದರೆ ತಲೆಗೇರುತ್ತದೆ.

ಊರಿಗೆ ಬಂದ ಮೇಲೆ ಭಾನುವಾರದ ಮಧ್ಯಾಹ್ನ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಇಬ್ಬರು ಗೆಳೆಯರು ಬರುತ್ತಿದ್ದರು. ಒಬ್ಬರು ಸಂತೆ ಪೇಟೆಯ ದರ್ಜಿ ಭಾಯಿ, ಇನ್ನೊಬ್ಬರು ಬಸ್ ಸ್ಟ್ಯಾಂಡಿನ ಕಂಟ್ರೋಲರ್. ಮೊದಲು ಪಗಡೆ ಆಡುತ್ತಿದ್ದರು. ಆಮೇಲೆ ನಮ್ಮವರಿಗೆ ಹಡಗಿನ ಆಟದ ಹುಚ್ಚು ಹಿಡಿಯಿತು. ಗೋಕಾಕದ ಗೊಂಬೆ ಮಾಡುವವರ ಹತ್ತಿರ ಹಗುರ ಕಟ್ಟಿಗೆಯಲ್ಲಿ ಹಡಗು, ವಿಮಾನ ಮಾಡಿಸಿ ತಂದರು. ಏನು ಬಣ್ಣ, ಏನು ಹೊಳಪು! ಅದೇ ಕೈಯಿಂದ ಬಾಳೆಹಣ್ಣು, ಮಾವಿನಹಣ್ಣು ಮಾಡಿ ರೂಢಿಯಾದವರು, ಹಡಗಿಗೂ ಒಂದಿಷ್ಟು ಮಾವಿನ ಬಣ್ಣ ಬಳಿದಿದ್ದರು.

ಮೊದಲ ಆಟದಲ್ಲಿ ಎಲ್ಲರೂ ಎಲ್ಲವನ್ನೂ ನೋಡುತ್ತಾ ಕೂತಿದ್ದರು. ದರ್ಜಿ ಭಾಯಿ ವಿಮಾನ ಮುಂದೆ ತಳ್ಳಿದರೆ ನಮ್ಮವರು ತಮ್ಮ ವಿಮಾನ ಅಡ್ಡ ಇಡುವುದು. ಎರಡು ವಾರ ಹೀಗೆ ನಡೆಯಿತು. ಮೂರನೆಯ ವಾರ ನಮ್ಮವರು ಎಲ್ಲವನ್ನೂ ಕೈಯಿಂದ ಬಳಿದು ಬುಟ್ಟಿಗೆ ಹಾಕಿದರು.

‘ಇದ ಪಗಡಿನ ಆತು. ಸಮುದ್ರದಾಗ ಯಾರಿಗೂ ಯಾರೂ ಕಾಣಂಗಿಲ್ಲ. ಕಂಡ್ರೂ ಯಾರಂತ ಗೊತ್ತಾಗಂಗಿಲ್ಲ. ಗೊತ್ತಾಗೂದ್ರಾಗ ಅವ ಅಲ್ಲಿ ಇರಂಗಿಲ್ಲ’ ಎಂದರು.

‘ಹಂಗಾದ್ರ ಆಡೂದು ಹೆಂಗ್ರಿ ಮಾಸ್ತರ?’ ಎಂದು ಕಂಟ್ರೋಲರ್ ಕೇಳಿದರು.

‘ಹಂಗ ಆಡಬೇಕು’ ಎಂದರು ನಮ್ಮವರು.

ಆಮೇಲೆ ಅವರು ಕಟ್ಟಿದ ಆಟ ಇದು. ನಟ್ಟನಡುವೆ ನಮ್ಮ ಹಡಗು, ಸುತ್ತ ದೂರ ತೋರಿಸುವ ಬಳೆಗಳು, ಗಡಿಯಾರದ ಮುಖದ ಹಾಗೆ ದಿಕ್ಕು. ಪ್ರತಿ ವಿಮಾನದ ಮೇಲೂ ತೆಂಗಿನ ಕರಟ ಬೋರಲು. ಕೆಳಗೆ ಶತ್ರು ಇರಬಹುದು, ನಮ್ಮದೇ ವಿಮಾನ ಇರಬಹುದು, ಮಳೆಯ ಮೋಡ ಎಂಬ ಹತ್ತಿಯ ಉಂಡೆ ಇರಬಹುದು. ರಡಾರಿಗೆ ಎಲ್ಲವೂ ಒಂದೇ ಚುಕ್ಕಿ. ನೀರಿಗೆ ತಾಗಿ ಹಾರಿ ಬರುವ ವಿಮಾನ ದೂರದಿಂದ ರಡಾರಿಗೆ ಕಾಣದು, ಅದನ್ನು ಒಳಗಿನ ಬಳೆಗೆ ಬರುವ ತನಕ ನೆಲಕ್ಕೇ ಇಡುತ್ತಿರಲಿಲ್ಲ. ಇಷ್ಟು ಚಂದ ಬಣ್ಣ ಹಚ್ಚಿದ್ದನ್ನು ಮುಚ್ಚಿಡುತ್ತೀರಾ ಎಂದು ಗೊಂಬೆ ಮಾಡಿದವರು ಸಂತೆಯಲ್ಲಿ ಸಿಕ್ಕಾಗಲೆಲ್ಲ ಗೊಣಗುತ್ತಿದ್ದರು.

ಹಡಗಿನ ಯಜಮಾನ ಅಡುಗೆಮನೆಯಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ಕೂರಬೇಕು. ಕೈಯಲ್ಲಿ ಪಾಟಿ, ಬಳಪ. ನಡುಮನೆಯಲ್ಲಿ ನನ್ನ ಬೀಸುಕಲ್ಲು, ಅದರ ಹತ್ತಿರ ರಡಾರ್, ಅಂದರೆ ನಾನು. ಒಂದು ಹಿಡಿ ಜೋಳ ಹಾಕಿ ಬೀಸಬೇಕು. ಹಿಡಿ ಮುಗಿದ ಮೇಲೆ ಪಡಸಾಲೆಯ ಕಡೆ ತಿರುಗಿ ಒಮ್ಮೆ ನೋಡಬೇಕು, ಕಂಡದ್ದನ್ನು ಕೂಗಿ ಹೇಳಬೇಕು, ಮತ್ತೆ ಬೀಸಬೇಕು. ನಾನು ಬೀಸುವಾಗ ದರ್ಜಿ ಭಾಯಿ ಕರಟ ಸರಿಸುತ್ತಿದ್ದರು. ಹಡಗಿನ ಯಂತ್ರವೂ ಹೀಗೇ ಸುತ್ತು ಹಾಕುತ್ತದೆ, ಸುತ್ತಿನ ನಡುವೆ ಕುರುಡು, ಎಂದು ನಮ್ಮವರು ಹೇಳಿದರು. ಊರಿಗೆ ಹಿಟ್ಟಿನ ಗಿರಣಿ ಬಂದು ಬಹಳ ದಿನವಾಗಿತ್ತು. ನೆರೆಯ ಹೆಂಗಸರು, ‘ಅಕಿ ಗಂಡ ಅಕಿಗೆ ಗಿರಣಿ ರೊಕ್ಕಾನೂ ಕೊಡಂಗಿಲ್ಲ’ ಎಂದು ಆಡಿಕೊಂಡರು. ಆಡಲಿ. ಅವರ ಮನೆಯಲ್ಲಿ ಸಮುದ್ರ ಇರಲಿಲ್ಲ.

ಖರೆ ಹೇಳುತ್ತೇನೆ, ಆ ಆಟ ನನಗೆ ರುಚಿ ಹತ್ತಿತು. ನಾನು ಹೇಳಿದ ಎರಡು ಮಾತಿನಿಂದ ಅವರು ಪಾಟಿಯ ಮೇಲೆ ಎರಡು ಚುಕ್ಕಿ ಇಟ್ಟು, ಮೂರನೆಯದು ಎಲ್ಲಿ ಬೀಳುತ್ತದೆಂದು ಹೇಳುತ್ತಿದ್ದರು. ನಾನು ತಿರುಗಿ ನೋಡಿದರೆ ಕರಟ ಅಲ್ಲೇ ಇರುತ್ತಿತ್ತು. ಮೈ ಜುಮ್ಮೆನ್ನುತ್ತಿತ್ತು. ‘ಬಸ್ಸಿನ ಬೆನ್ನ ಹತ್ತಿ ಓಡಿದ್ರ ಸಿಗ್ತೈತೇನು? ಹೊಲದಾಗ ಹಾದು ಮುಂದ ರಸ್ತಾ ಕೂಡೂ ಫಾಟಾಕ್ಕ ಹೋಗಿ ನಿಲ್ಲಬೇಕು. ವಿಮಾನಾನೂ ಹಂಗ ಕಳಸಬೇಕು, ಅವ ಇದ್ದಲ್ಲಿಗೆ ಅಲ್ಲ, ಬರೂವಲ್ಲಿಗೆ’ ಎನ್ನುತ್ತಿದ್ದರು. ಕಂಟ್ರೋಲರ್ ಈ ಮಾತಿಗೆ ಪ್ರತಿ ಸಲ ತಲೆ ಅಲ್ಲಾಡಿಸುತ್ತಿದ್ದರು. ಬಸ್ಸಿನ ಮಾತಲ್ಲವೇ.

ನಮ್ಮ ದೇಶಕ್ಕೆ ವಿಮಾನ ಹೊರುವ ಹಡಗು ಬಂದಿದ್ದ ಕಾಲ. ನನ್ನ ತಮ್ಮ ನಮ್ಮ ತವರೂರು ಮೂಡಲಗಿಯಿಂದ ಹೋಗಿ ನೌಕಾಸೇನೆ ಸೇರಿ ಕೆಲವು ವರ್ಷವಾಗಿತ್ತು. ಇವರನ್ನು ನೋಡಿಯೇ ಸೇರಿದವನು. ಒಂದು ದಿನ ಹೇಳದೆ ಕೇಳದೆ ಹುಕ್ಕೇರಿಗೆ ಬಂದಿಳಿದ. ಮೂಡಲಗಿಗೆ ಹೋಗದೆ ಇಲ್ಲಿಗೇಕೆ ಬಂದ ಎಂದು ನನಗೆ ಆಗಲೇ ಸಂಶಯ ಬಂತು. ನೀರು ಕುಡಿದ, ಚಹಾ ಕುಡಿದ, ಮಳೆ ಬೆಳೆ ವಿಚಾರಿಸಿದ. ಸಂಜೆಯ ತನಕ ಕಾಯಿಸಿ ಬಾಯಿ ಬಿಟ್ಟ. ವಿಮಾನಗಳನ್ನು ರಡಾರಿನಿಂದ ಗುರುತಿಸಿ ವರದಿ ಮಾಡುವ ತರಬೇತಿಯಲ್ಲಿ ನಾಪಾಸಾಗಿದ್ದ. ರಜೆ ಮುಗಿಸಿ ಹೋದ ಮೇಲೆ ಇನ್ನೊಂದೇ ಅವಕಾಶ. ಅದೂ ತಪ್ಪಿದರೆ ರಡಾರ್ ಕೋಣೆಯ ಬಾಗಿಲು ಜನ್ಮಕ್ಕೆ ಮುಚ್ಚಿತು, ಉಗ್ರಾಣದಲ್ಲಿ ಹಗ್ಗ, ಬಣ್ಣದ ಡಬ್ಬಿ ನೋಡಿಕೊಂಡು ಇರಬೇಕು. ಅಪ್ಪನಿಗೆ ಇದು ಗೊತ್ತಿರಲಿಲ್ಲ. ಅಪ್ಪ ಮೂಡಲಗಿಯ ಪೇಟೆಯಲ್ಲಿ ಬೆಲ್ಲ ಮಾರುವಾಗ ತೂಕಕ್ಕಿಂತ ಮಗನ ಮಾತೇ ಹೆಚ್ಚು ಆಡುತ್ತಿದ್ದ.

‘ಏನ ತಪ್ಪಿದಿ?’ ಎಂದು ನಮ್ಮವರು ಕೇಳಿದರು.

‘ಚುಕ್ಕಿ ಕಾಣತಿತ್ರಿ ಮಾಮಾ’ ಎಂದ. ಅಕ್ಕನ ಗಂಡನಿಗೆ ನಮ್ಮ ಕಡೆ ಮಾಮಾ ಎನ್ನುತ್ತಾರೆ. ‘ಖಾತ್ರಿ ಮಾಡ್ಕೊಂಡ ಹೇಳೂಣಂತ ಇನ್ನೊಂದ ಸುತ್ತ ನೋಡತಿದ್ದೆ. ಅಷ್ಟ್ರಾಗ ಮೀರಿ ಹೋಗತಿತ್ತು. ಸಾಹೇಬರಿಗೆ ಸುಳ್ಳ ಸುದ್ದಿ ಹೆಂಗ ಹೇಳೂದ್ರಿ?’

ಮರುದಿನ ನಮ್ಮವರು ನನ್ನನ್ನು ಕಲ್ಲಿನಿಂದ ಎಬ್ಬಿಸಿ ಅವನನ್ನು ಕೂರಿಸಿದರು.

ಗಂಡಸು ಬೀಸುಕಲ್ಲು ಹಿಡಿದದ್ದನ್ನು ನಮ್ಮ ಓಣಿ ಅದಕ್ಕೂ ಮೊದಲು ಕಂಡಿರಲಿಲ್ಲ. ಕಿಟಕಿಯಲ್ಲಿ ತಲೆಗಳು. ‘ನೌಕರಿ ಹೋತೇನವಾ ನಿನ್ನ ತಮ್ಮಂದು?’ ಎಂದು ಒಬ್ಬ ಮುದುಕಿ ನೇರವಾಗಿಯೇ ಕೇಳಿದಳು. ಅವನ ಕಿವಿ ಕೆಂಪಾದವು. ಅವನು ಬೀಸಿದ ಹಿಟ್ಟು ರವೆಗಿಂತ ದಪ್ಪ, ಅದರಲ್ಲಿ ರೊಟ್ಟಿ ತಟ್ಟಿದರೆ ಬಿರುಕು ಬಿಡುತ್ತಿತ್ತು. ಬಾಯಿ ಮುಚ್ಚಿಕೊಂಡು ಎಲ್ಲರೂ ತಿಂದೆವು. ರಜೆಯಿದ್ದಷ್ಟು ದಿನವೂ ಆಟ. ದರ್ಜಿ ಭಾಯಿ ಮಧ್ಯಾಹ್ನ ಅಂಗಡಿ ಮುಚ್ಚಿ ಬರುತ್ತಿದ್ದರು. ಕಂಟ್ರೋಲರ್ ಪಾಳಿ ಬದಲಿಸಿಕೊಂಡು ಬರುತ್ತಿದ್ದರು. ಯಾರದೋ ಮಗ ಪಾಸಾಗಬೇಕೆಂದು ತಮ್ಮ ಕೆಲಸ ಬಿಟ್ಟು ಬರುವ ಇಂಥ ಜನ ನಮ್ಮ ಪಾಲಿಗಿದ್ದರು.

ಆದರೆ ತಮ್ಮ ಸುಧಾರಿಸಲಿಲ್ಲ. ಅಡುಗೆಮನೆಯಲ್ಲಿ ಹಡಗಿನ ಯಜಮಾನಿಯಾಗಿ ನಾನು ರೊಟ್ಟಿ ತಟ್ಟುತ್ತಾ ಕೂತಿರುತ್ತಿದ್ದೆ, ಅವನು ಹೊರಗಿನ ಬಳೆಯಲ್ಲಿ ಕರಟ ಕಂಡು ಸುಮ್ಮನಿರುತ್ತಿದ್ದ. ಇನ್ನೊಂದು ಹಿಡಿ, ಮತ್ತೊಂದು ಹಿಡಿ. ಕೊನೆಗೆ ಹೇಳುವಾಗ ಶತ್ರು ನೆತ್ತಿಯ ಮೇಲೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ‘ಬಾಯಾಗ ಕಡಬ ಇಟ್ಕೊಂಡಿಯೇನೋ?’ ಎಂದು ನಾನು ಸಿಡುಕಿದರೆ, ‘ಮಾಡ ಇದ್ದಂಗಿತ್ತ ಅಕ್ಕಾ’ ಎನ್ನುತ್ತಿದ್ದ. ಮೋಡವಂತೆ. ಮೋಡ ಬಂದು ನನ್ನ ಹಡಗನ್ನು ಮುಳುಗಿಸಿತು.

ಒಂದು ದಿನ ನಮ್ಮವರೇ ಅಡುಗೆಮನೆಯಲ್ಲಿ ಕೂತರು. ಶಾಲೆಯಿಂದ ತಡವಾಗಿ ಬಂದಿದ್ದರಿಂದ ಆಟದ ಜೊತೆಗೇ ಊಟ. ಮುಂದೆ ಗಂಗಾಳ, ಬದಿಗೆ ಪಾಟಿ. ತಮ್ಮ ಬೀಸುತ್ತಿದ್ದ. ನಾನು ಬಾಗಿಲಲ್ಲಿ ನಿಂತಿದ್ದೆ. ಹಿಡಿ ಮುಗಿಸಿ ತಿರುಗಿ ನೋಡಿದ. ಎರಡು ಕರಟ, ಒಳಗಿನ ಬಳೆ, ಯಾವ ಮೋಡವೂ ಅಷ್ಟು ವೇಗವಾಗಿ ಬರುವುದಿಲ್ಲ. ಅವನಿಗೆ ಖಾತ್ರಿಯಾಗಿತ್ತು, ಮುಖ ನೋಡಿದರೇ ತಿಳಿಯುತ್ತಿತ್ತು. ಬಾಯಿ ತೆರೆದ, ಮಾಮಾ ತುತ್ತು ಎತ್ತುತ್ತಿದ್ದದ್ದನ್ನು ಕಂಡ, ಬಾಯಿ ಮುಚ್ಚಿದ. ಅವರು ಕೈ ತೊಳೆಯುವ ತನಕ ತುಟಿ ಬಿಚ್ಚಲಿಲ್ಲ. ದರ್ಜಿ ಭಾಯಿ ನಮ್ಮ ಹಡಗನ್ನು ಎತ್ತಿ ಕಿಸೆಗೆ ಹಾಕಿಕೊಂಡರು.

‘ಯಾಕ ಹೇಳಲಿಲ್ಲ?’ ನಮ್ಮವರು ಮೆಲ್ಲಗೆ ಕೇಳಿದರು.

‘ಊಟಕ್ಕ ಕುಂತಿದ್ರೆಲ್ರಿ ಮಾಮಾ.’

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ತವರಿನ ಕಟ್ಟುನಿಟ್ಟು ಅದು. ಊಟಕ್ಕೆ ಕೂತವರಿಗೆ ಕೆಟ್ಟ ಸುದ್ದಿ ಹೇಳಬಾರದು. ಅಜ್ಜ ತೀರಿಕೊಂಡ ದಿನ, ಹೊಲದಿಂದ ಬಂದ ಅಪ್ಪ ಉಂಡು ಕೈ ತೊಳೆದ ಮೇಲೆಯೇ ಅವ್ವ ಅಳಲು ಶುರು ಮಾಡಿದ್ದಳು. ದೊಡ್ಡವರಿಗೆ ಅರ್ಧಂಬರ್ಧ ಮಾತೂ ಹೇಳಬಾರದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವ್ವ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಆ ಮನೆಯಲ್ಲಿ ಬೆಳೆದವನು ಹಡಗಿನ ಸಾಹೇಬನಿಗೆ, ‘ಏನೋ ಬರುತ್ತಿದೆ, ಏನೆಂದು ಗೊತ್ತಿಲ್ಲ’ ಎಂದು ಹೇಗೆ ಕೂಗಿಯಾನು? ಯಂತ್ರ ಸರಿಯಾಗಿತ್ತು, ಕಣ್ಣು ಸರಿಯಾಗಿತ್ತು. ಅವನ ಗಂಟಲಲ್ಲಿ ಮೂಡಲಗಿ ಕೂತಿತ್ತು.

ಬೇರೆ ಯಾರಾದರೂ ಆಗಿದ್ದರೆ ಬೈಯುತ್ತಿದ್ದರು. ನಾನಂತೂ ಬೈಯಲು ಸೆರಗು ಸಿಕ್ಕಿಸಿದ್ದೆ. ನಮ್ಮವರು ಅವನ ಎದುರಿಗೆ ನೆಲದ ಮೇಲೆ ಕೂತರು.

‘ನಿನ್ನ ನಡತಿ ಛಲೋ ಐತಿ. ಮನ್ಯಾಗ ಇಟ್ಕೊ. ಆ ಕೋಣ್ಯಾಗ ಹೋಗೂ ಮುಂದ ಚಪ್ಪಲ್ ಬಿಟ್ಟಂಗ ಹೊರಗ ಬಿಟ್ಟ ಹೋಗಬೇಕು. ಅಲ್ಲಿ ಖಾತ್ರಿ ಮಾಡ್ಕೊಳ್ಳೂದು ನಿನ್ನ ಕೆಲಸ ಅಲ್ಲ. ಕಂಡದ್ದ ಕಂಡಂಗ ಹೇಳೂದು ನಿನ್ನ ಕೆಲಸ. ಖಾತ್ರಿ ಇಲ್ಲ ಅಂದ್ರ, ಖಾತ್ರಿ ಇಲ್ಲ ಅಂತನ ಹೇಳು. ಅದೂ ಸುದ್ದೀನ. ನೀ ಸುಮ್ಮ ಇದ್ರ, ಮ್ಯಾಲ ಹಾರೂ ಹುಡುಗರು ಕುರುಡರು.’

ಅಂದಿನಿಂದ ಮನೆಯಲ್ಲಿ ಹೊಸ ಕಾಯಿದೆ. ಊಟದ ಹೊತ್ತಿಗೇ ಅಭ್ಯಾಸ. ತಮ್ಮ ಬಾಗಿಲ ಕಡೆ ಮುಖ ಮಾಡಿ ಕೂರಬೇಕು, ಮಾಮಾ ಬಾಯಿಗೆ ತುತ್ತು ಇಡುವ ಹೊತ್ತಿಗೆ ಕಂಡದ್ದನ್ನು ಹೇಳಬೇಕು. ಏನೂ ಕಾಣದಿದ್ದರೆ ‘ಏನಿಲ್ಲ’ ಎಂದೂ ಹೇಳಬೇಕು. ಮೊದಲ ದಿನ ಅವನ ದನಿಯೇ ಹೊರಡಲಿಲ್ಲ. ಎರಡನೆಯ ದಿನ, ‘ಬಾಗಲ ಕಡೆ ಒಂದು. ಆಕಳ ಇರಬೇಕು. ಖಾತ್ರಿ ಇಲ್ಲ’ ಎಂದ. ಆಕಳು ಅಲ್ಲ, ಗೌಳಿ ಹೆಂಗಸು. ಆಕೆ ಕೇಳಿಸಿಕೊಂಡಳು. ಮರುದಿನದಿಂದ ಹಾಲಿನಲ್ಲಿ ನೀರು ಹೆಚ್ಚಾಯಿತು. ನಾನು ಒಬ್ಬಳೇ ಹಿತ್ತಲಿಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಸಂತೆಯ ದಿನ ಅಪ್ಪ ಮೂಡಲಗಿಯಿಂದ ಬೆಲ್ಲದ ಪೆಂಟೆ ಹೊತ್ತು ಬಂದ. ಮಗ ಇಲ್ಲಿರುವುದು ಹೇಗೋ ತಿಳಿದಿತ್ತು, ಯಾಕೆಂದು ತಿಳಿದಿರಲಿಲ್ಲ. ನಾನು ಎಣ್ಣೆಗಾಯಿ ಮಾಡಿ ಬಡಿಸಿದೆ. ಅಪ್ಪ ಮೊದಲ ರೊಟ್ಟಿ ಮುರಿದು, ‘ದೊಡ್ಡ ಹಡಗಕ್ಕ ಯಾವಾಗ ಹೋಗ್ತಿಯೋ?’ ಎಂದ. ತಮ್ಮ ನನ್ನ ಮುಖ ನೋಡಿದ. ಈಗ ಬೇಡ, ಕೈ ತೊಳೆಯಲಿ ಎಂದು ಕಣ್ಣಿನಲ್ಲೇ ಹೇಳಿದೆ. ನಮ್ಮವರು ಗಂಗಾಳದ ಕಡೆಗೆ ನೋಡುತ್ತಾ ಸುಮ್ಮನೆ ಉಣ್ಣುತ್ತಿದ್ದರು.

‘ಅಪ್ಪಾ, ಹ್ವಾದ ಸಲ ನಾ ನಾಪಾಸಾದೆ. ಇನ್ನೊಂದ ಅವಕಾಶ ಐತಿ. ಪಾಸಾಗತೇನೋ ಇಲ್ಲೋ ಖಾತ್ರಿ ಇಲ್ಲ’ ಎಂದ ತಮ್ಮ.

ಅಪ್ಪನ ಕೈ ರೊಟ್ಟಿಯ ಮೇಲೇ ನಿಂತಿತು. ಎದ್ದುಬಿಡುತ್ತಾನೆ ಎಂದುಕೊಂಡೆ. ಗಂಗಾಳ ಮುಂದೆ ಸರಿಸಿ, ‘ಪಲ್ಯಾ ಹಾಕವಾ’ ಎಂದ. ಪೂರ್ತಿ ಉಂಡೇ ಎದ್ದ. ಬಸ್ ಸ್ಟ್ಯಾಂಡಿಗೆ ನಾವೆಲ್ಲ ಕಳಿಸಲು ಹೋದೆವು. ಬಸ್ಸಿನ ಕಿಟಕಿಯಿಂದ ಮಗನಿಗೆ, ‘ಹೇಳಿದ್ದು ಛಲೋ ಆತು. ಊರಾಗ ಮಂದೀಗೆ ನಾನ ಹೇಳ್ತೇನಿ. ನೀ ಅದರ ಕಾಳಜಿ ಬಿಡು’ ಎಂದ. ಹೆಮ್ಮೆಯಿಂದ ಸಾರಿದ್ದನ್ನು ತಾನೇ ಹಿಂದಕ್ಕೆ ತೆಗೆದುಕೊಳ್ಳುವುದು ಆ ಪೇಟೆಯಲ್ಲಿ ಎಷ್ಟು ಕಷ್ಟ ಎಂದು ನನಗೆ ಗೊತ್ತಿತ್ತು. ಅಪ್ಪನ ಮೇಲೆ ನನಗೆ ಅವತ್ತಿನಷ್ಟು ಪ್ರೀತಿ ಎಂದೂ ಬಂದಿರಲಿಲ್ಲ.

ಉಳಿದ ದಿನಗಳಲ್ಲಿ ತಮ್ಮನ ಬಾಯಿ ಬಿಚ್ಚಿತು. ಹಿಡಿ ಮುಗಿಯುವುದೇ ತಡ, ದಿಕ್ಕು, ದೂರ, ‘ಖಾತ್ರಿ ಇಲ್ಲ’. ಮೋಡಕ್ಕೂ ಕೂಗಿದ, ನಮ್ಮದೇ ವಿಮಾನಕ್ಕೂ ಕೂಗಿದ. ನಮ್ಮವರು ಒಮ್ಮೆಯೂ ಆಕ್ಷೇಪಿಸಲಿಲ್ಲ. ಹೋಗುವ ದಿನ ಹಿಟ್ಟು ಕೂಡ ಸಣ್ಣಗೆ ಬಂದಿತ್ತು. ಅದೇ ಹಿಟ್ಟಿನ ರೊಟ್ಟಿ ಕಟ್ಟಿಕೊಟ್ಟೆ.

ಆಮೇಲೆ ವಾರಗಟ್ಟಲೆ ಸುದ್ದಿಯಿಲ್ಲ. ನಾನು ಮತ್ತೆ ಕಲ್ಲಿಗೆ ಕೂತೆ. ಆಟದಲ್ಲಿ ಮನಸ್ಸಿರಲಿಲ್ಲ. ನಮ್ಮವರೂ ಬಾಯಿ ಬಿಟ್ಟು ಹೇಳದಿದ್ದರೂ, ಪಾಟಿಯ ಮೇಲೆ ಚುಕ್ಕಿ ತಪ್ಪು ಇಡುತ್ತಿದ್ದರು.

ಒಂದು ಭಾನುವಾರ ಹಾಗೆಯೇ ಆಟ ನಡೆದಿತ್ತು. ಪಡಸಾಲೆಯಲ್ಲಿ ದರ್ಜಿ ಭಾಯಿ, ನಡುವೆ ತೀರ್ಪಿಗೆ ಕಂಟ್ರೋಲರ್, ಅಡುಗೆಮನೆಯಲ್ಲಿ ಗಂಗಾಳದ ಮುಂದೆ ನಮ್ಮವರು. ನಾನು ಹಿಡಿ ಮುಗಿಸಿ ತಿರುಗಿದೆ. ಬೀದಿ ಬಾಗಿಲು ತೆರೆದಿತ್ತು. ಓಣಿಯ ತುದಿಯಲ್ಲಿ ಏನೋ ಬೆಳ್ಳಗೆ ಕಂಡಿತು.

ನನ್ನ ಗಂಟಲಲ್ಲೂ ಅದೇ ಮೂಡಲಗಿ ಅಲ್ಲವೇ. ನಾಪಾಸಾದವನೂ ರಜೆಗೆ ಬರುತ್ತಾನೆ. ಇವರು ಈಗಷ್ಟೇ ತುತ್ತು ಎತ್ತಿದ್ದಾರೆ. ಕೈ ತೊಳೆಯಲಿ ಎಂದು ಮನಸ್ಸು ಹೇಳಿತು. ಆದರೂ ಕೂಗಿದೆ.

‘ಒಂದು. ಬೀದಿ ಬಾಗಲ ದಿಕ್ಕು. ಓಣಿ ತುದಿ. ಯಾರಂತ ಖಾತ್ರಿ ಇಲ್ಲ.’

‘ಬಾಗಲದಾಚೆ ಸಮುದ್ರ ಇಲ್ಲ. ಬಳೆ ಒಳಗಿದ್ದದ್ದ ಹೇಳು’ ಎಂದರು ಒಳಗಿನಿಂದ.

‘ಆಟದ್ದಲ್ರಿ. ಬಿಳಿ ಅಂಗಿ. ಹೆಗಲ ಮ್ಯಾಲ ಚೀಲ.’

‘ಎಷ್ಟ ಜೋರ ಬರಾಕತ್ತೈತಿ?’ ಎಂದು ನಮ್ಮವರು ಕೇಳಿದರು.

‘ಓಡಾಕತ್ತಾನ್ರಿ’ ಎಂದೆ.

ಅವನು ಮನೆಯ ತನಕ ಬರಲಿಲ್ಲ. ನೀರು ಕೇಳಲಿಲ್ಲ, ಮಳೆ ಬೆಳೆ ಕೇಳಲಿಲ್ಲ. ಓಣಿಯ ಅರ್ಧದಿಂದಲೇ ಕೂಗಿದ: ‘ಮಾಮಾ, ಪಾಸಾತ್ರಿ. ಪಾಸಾತು.’ ಕಿಟಕಿಗಳೆಲ್ಲ ತೆರೆದವು. ಕಾಗದ ಬರೆದರೆ ತಡವಾಗುತ್ತದೆಂದು ತಾನೇ ಹೊರಟು, ಯಮಕನಮರಡಿಯಲ್ಲಿ ಬಸ್ಸು ಬದಲಿಸಿ ಬಂದಿದ್ದನಂತೆ.

ಊಟದ ನಡುವೆ ಎಂದೂ ಏಳದ ಮನುಷ್ಯ ಎದ್ದು, ಎಂಜಲು ಕೈಯಲ್ಲೇ ಪಡಸಾಲೆ ದಾಟಿದರು. ಬಳೆ, ದಿಕ್ಕು, ಕರಟ ಎಲ್ಲವನ್ನೂ ತುಳಿದುಕೊಂಡು ಹೋಗಿ ಅವನನ್ನು ಅಪ್ಪಿಕೊಂಡರು. ಬಿಳಿ ಅಂಗಿಯ ಬೆನ್ನಿನ ಮೇಲೆ ಊಟದ ಶೇಂಗಾ ಹಿಂಡಿ ಚಟ್ನಿಯ ಐದು ಬೆರಳು ಮೂಡಿದವು. ನಾನು ಕಲ್ಲಿನ ಹಿಡಿ ಬಿಟ್ಟು, ಬಾಗಿಲಿಗೆ ಒರಗಿ ಸೆರಗಿನಿಂದ ಕಣ್ಣೊರೆಸಿಕೊಂಡೆ.

ದರ್ಜಿ ಭಾಯಿ ಮಾತ್ರ ಆಟ ಬಿಟ್ಟಿರಲಿಲ್ಲ. ಉಳಿದಿದ್ದ ಎರಡು ಕರಟಗಳನ್ನು ತಂದು ನಮ್ಮ ಹಡಗಿನ ಮೇಲಿಟ್ಟರು. ‘ಮುಳಗ್ತು ನೋಡ್ರಿ ಮಾಸ್ತರ. ಕಲ್ಲ ನಿಂತಿತ್ತು, ಭಾಭೀ ನೋಡಾಕತ್ತಿರಲಿಲ್ಲ’ ಎಂದರು.

ಅಲ್ಲಿಯ ತನಕ ಒಂದು ಆಟವನ್ನೂ ವಾದ ಮಾಡದೆ ಬಿಟ್ಟವರಲ್ಲ ನಮ್ಮವರು. ತಮ್ಮನ ಹೆಗಲ ಮೇಲಿನಿಂದ ಮುಖ ಎತ್ತಲೂ ಇಲ್ಲ. ‘ಮುಳಗ್ಲಿ ಬಿಡೋ ಭಾಯಿ’ ಎಂದರು, ‘ಇವತ್ತೊಂದ ದಿನ ಮುಳಗ್ಲಿ.’

ಆಮೇಲೆ ತಮ್ಮನ ಕೈ ಹಿಡಿದು ಒಳಗೆ ಕರೆತಂದು ಗಂಗಾಳದ ಮುಂದೆ ಕೂರಿಸಿಕೊಂಡರು. ನಾನು ಇನ್ನೊಂದು ರೊಟ್ಟಿ ತಟ್ಟಲು ಕೂತೆ.